ಕ್ಷೇತ್ರ ಪರೀಕ್ಷೆ ದಾಟಿದ ದತ್ತಾಂಶ: ಆವಿ–ದ್ರವ ಸಮತೋಲನದ ಅಂಕಿಗಳನ್ನು ತಾಳೆ ನೋಡಿದ ದಾಖಲೆ

ಬಟ್ಟಿ ಇಳಿಸುವ ಕಾಲಂಗೆ ಲೆಕ್ಕ ಹಾಕಲು ಕೂರುವ ಮೊದಲು ಆವಿ–ದ್ರವ ಸಮತೋಲನದ ಅಂಕಿಗಳು (ದ್ರವವೂ ಅದರ ಆವಿಯೂ ಜೊತೆಗಿರುವಾಗ ಯಾವುದರಲ್ಲಿ ಯಾವ ಪದಾರ್ಥ ಎಷ್ಟಿದೆ ಎಂಬವು) ತಮ್ಮತಮ್ಮಲ್ಲೇ ಒಪ್ಪುತ್ತವೆಯೇ ಎಂದು ನೋಡಲೇಬೇಕು. ಒಂದು ಸ್ಥಿರ ಉಷ್ಣಾಂಶದಲ್ಲಿ ಒಟ್ಟು ಒತ್ತಡ, ದ್ರವದ ಸಂಯೋಜನೆ, ಆವಿಯ ಸಂಯೋಜನೆ ಮೂರನ್ನೂ ಅಳೆದಿದ್ದರೆ ಅಗತ್ಯಕ್ಕಿಂತ ಒಂದು ಅಳತೆ ಹೆಚ್ಚಿಗೆ ಕೈಯಲ್ಲಿರುತ್ತದೆ. ಗಿಬ್ಸ್–ಡ್ಯೂಹೆಮ್ ಸಮೀಕರಣದ ಪ್ರಕಾರ ಎರಡು ಗೊತ್ತಾದರೆ ಮೂರನೆಯದನ್ನು ಲೆಕ್ಕದಿಂದಲೇ ಪಡೆಯಬಹುದು. ಆ ಹೆಚ್ಚಿನ ಅಳತೆಯೇ ಇಲ್ಲಿ ಸಾಕ್ಷಿ. ಆ ಸಾಕ್ಷಿಯನ್ನು ಬಳಸಿಕೊಳ್ಳದ ಪರೀಕ್ಷೆಗಳೂ ಇವೆ, ಅವುಗಳಲ್ಲೇ ಒಂದಾದ ಕ್ಷೇತ್ರ ಪರೀಕ್ಷೆ (ಒಂದು ರೇಖೆಯ ಮೇಲಿನ ಮತ್ತು ಕೆಳಗಿನ ಕ್ಷೇತ್ರಫಲಗಳನ್ನು ಹೋಲಿಸುವುದು) ಅತ್ಯಂತ ಜನಪ್ರಿಯ ಎಂಬುದು ಈ ಕೆಲಸದಿಂದ ನನಗೆ ಸ್ಪಷ್ಟವಾಯಿತು.

ಹಂತ 1: ದತ್ತಾಂಶ ಮತ್ತು ಸಲಕರಣೆ

ಎರಡು ಜೋಡಿಗಳನ್ನು ಆರಿಸಿಕೊಂಡೆ. ಎರಡೂ ಪ್ರಕಟಿತ ಅಳತೆಗಳು, ಪಾಠಗಳಲ್ಲಿ ಹೆಚ್ಚಾಗಿ ಬಳಕೆಯಾಗುವಂಥವು. ಮೊದಲನೆಯದು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೈಈಥೈಲ್ ಕೀಟೋನ್ ಮತ್ತು ಹೆಕ್ಸೇನ್. ಎರಡನೆಯದು 50 ಡಿಗ್ರಿಯಲ್ಲಿ ಮೀಥೈಲ್ ಈಥೈಲ್ ಕೀಟೋನ್ ಮತ್ತು ಟೊಲ್ಯೂಯೀನ್. ಇವನ್ನು ಹೆಕ್ಸೇನ್ ಜೋಡಿ, ಟೊಲ್ಯೂಯೀನ್ ಜೋಡಿ ಎಂದು ಕರೆಯುತ್ತೇನೆ. ಉಷ್ಣಾಂಶ ಸ್ಥಿರವಾಗಿರುವ ಸರಣಿಗಳನ್ನೇ ಬೇಕೆಂದು ತೆಗೆದುಕೊಂಡೆ. ಒತ್ತಡ ಸ್ಥಿರವಾಗಿ ಉಷ್ಣಾಂಶ ಬದಲಾಗುವ ಸರಣಿಯಲ್ಲಿ ಮಿಶ್ರಣದ ಶಾಖದ ಪದವನ್ನು ಕೈಬಿಡಲಾಗದು, ಆ ಶಾಖದ ಅಳತೆ ಬಹುಪಾಲು ಸಿಗುವುದೂ ಇಲ್ಲ.

ಬಳಸಿದ ಸಲಕರಣೆ ಒಂದು ಸ್ಪ್ರೆಡ್‌ಶೀಟ್ ಮತ್ತು ಅದರೊಳಗಿನ ಕನಿಷ್ಠ ವರ್ಗದ ಹೊಂದಿಕೆ (ವ್ಯತ್ಯಾಸಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ ಸ್ಥಿರಾಂಕಗಳನ್ನು ಆರಿಸುವುದು), ಅಷ್ಟೇ. ಒತ್ತಡಗಳು 1 ಬಾರ್‌ಗಿಂತ ಕೆಳಗಿರುವುದರಿಂದ ಆವಿಯನ್ನು ಆದರ್ಶ ಅನಿಲವೆಂದೇ ಹಿಡಿದೆ.

ಹೆಕ್ಸೇನ್ ಜೋಡಿಯ ಅಂಕಿಗಳು ಕೆಳಗಿವೆ. ಮೊದಲನೆಯದು ದ್ರವದಲ್ಲಿ ಕೀಟೋನಿನ ಮೋಲ್ ಅಂಶ, ಅಂದರೆ ಅಣುಗಳ ಎಣಿಕೆಯಲ್ಲಿ ಅದರ ಪಾಲು (ಎಕ್ಸ್), ನಂತರ ಆವಿಯಲ್ಲಿ ಅದರ ಮೋಲ್ ಅಂಶ (ವೈ), ಕೊನೆಯದು ಒಟ್ಟು ಒತ್ತಡ ಕಿಲೋಪಾಸ್ಕಲ್‌ನಲ್ಲಿ (ಪಿ).

0 – 0 – 90.15
0.063 – 0.049 – 91.78
0.248 – 0.131 – 88.01
0.372 – 0.182 – 81.67
0.443 – 0.215 – 78.89
0.508 – 0.248 – 76.82
0.561 – 0.268 – 73.39
0.640 – 0.316 – 66.45
0.702 – 0.368 – 62.95
0.763 – 0.412 – 57.70
0.834 – 0.490 – 50.16
0.874 – 0.570 – 45.70
1 – 1 – 29.00

ಹಂತ 2: ಶುದ್ಧ ದ್ರವಗಳ ಆವಿ ಒತ್ತಡ

ಮುಂದಿನ ಲೆಕ್ಕವೆಲ್ಲ ಎರಡು ತುದಿಗಳ ಒತ್ತಡದ ಮೇಲೆ ನಿಂತಿದೆ. ಆದ್ದರಿಂದ ಮೊದಲು ಅವುಗಳನ್ನೇ ಆಂಟ್ವಾನ್ ಸಮೀಕರಣಕ್ಕೆ (ಉಷ್ಣಾಂಶದಿಂದ ಆವಿ ಒತ್ತಡ ಕೊಡುವ ಸೂತ್ರ) ಹಚ್ಚಿ ನೋಡಿದೆ. ಹೆಕ್ಸೇನ್‌ಗೆ 6.87776, 1171.53, 224.366 ಎಂಬ ಸ್ಥಿರಾಂಕಗಳನ್ನು ಹಾಕಿದರೆ (ಒತ್ತಡ ಪಾದರಸದ ಮಿಲಿಮೀಟರ್‌ನಲ್ಲಿ, ಲಾಗರಿತಮ್ 10ರ ಆಧಾರದಲ್ಲಿ) 65 ಡಿಗ್ರಿಗೆ 89.96 ಕಿಲೋಪಾಸ್ಕಲ್ ಬರುತ್ತದೆ. ಅಳತೆಯಲ್ಲಿರುವುದು 90.15. ಶೇಕಡಾ 0.2ರಷ್ಟು ವ್ಯತ್ಯಾಸ, ಚಿಂತೆಯಿಲ್ಲ. ಟೊಲ್ಯೂಯೀನ್‌ಗೂ ಹೀಗೆಯೇ: 6.95464, 1344.8, 219.482 ಹಾಕಿದರೆ 50 ಡಿಗ್ರಿಗೆ 12.28, ಅಳತೆ 12.30.

ಹಂತ 3: ಲೆಕ್ಕಕ್ಕೆ ಮೊದಲು ಕಣ್ಣಳತೆ

ಆಕ್ಟಿವಿಟಿ ಗುಣಾಂಕ, ಅಂದರೆ ಗಾಮಾ, ಮಿಶ್ರಣ ಆದರ್ಶ ನಡವಳಿಕೆಯಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ (ಆದರ್ಶವಾದರೆ 1); ಅದನ್ನು ತೆಗೆಯುವುದು ಸುಲಭ. ಕೀಟೋನಿನ ಗಾಮಾ = (ವೈ × ಪಿ) ÷ (ಎಕ್ಸ್ × 29.00). ಹೆಕ್ಸೇನಿನದಕ್ಕೂ ಇದೇ ರೀತಿ, ಅದರ ಪಾಲುಗಳು ಮತ್ತು 90.15. ನಂತರ ಎರಡರದೂ ನೈಸರ್ಗಿಕ ಲಾಗರಿತಮ್.

ಈ ಹಂತದಲ್ಲಿ ಯಾವ ಪರೀಕ್ಷೆಗೂ ಕೈ ಹಾಕದೆ ಬರೀ ಅಂಕಿಗಳ ಕಾಲಂಗಳನ್ನು ಮೇಲಿಂದ ಕೆಳಗೆ ಓದಿದೆ. ಹೆಕ್ಸೇನ್ ಜೋಡಿಯಲ್ಲಿ ಕೀಟೋನಿನ ಲಾಗ್ ಗಾಮಾ ಬಲತುದಿಯತ್ತ ನಯವಾಗಿ ಸೊನ್ನೆಗೆ ಇಳಿಯಬೇಕು. ಅದರ ಬದಲು 0.640ರಲ್ಲಿ 0.123 ಇದ್ದದ್ದು 0.702ರಲ್ಲಿ 0.129 ಆಗುತ್ತದೆ; 0.834ರಲ್ಲಿ 0.016ಕ್ಕೆ ಬಿದ್ದು 0.874ರಲ್ಲಿ ಮತ್ತೆ 0.027ಕ್ಕೆ ಏಳುತ್ತದೆ. ಒತ್ತಡದ ಇಳಿಜಾರನ್ನೂ ನೋಡಿದೆ. 0.508ರಿಂದ 0.561ರವರೆಗೆ ಒಂದು ಮೋಲ್ ಅಂಶಕ್ಕೆ ಸುಮಾರು 65 ಕಿಲೋಪಾಸ್ಕಲ್‌ನಂತೆ ಇಳಿಯುವ ಒತ್ತಡ ಮುಂದಿನ ತುಂಡಿನಲ್ಲಿ 88, ಅದರ ಮುಂದೆ 56, ಆಮೇಲೆ 86. ಹೀಗೆ ಕುಣಿಯುವುದಕ್ಕೆ ಭೌತಿಕ ಕಾರಣ ಯಾವುದೂ ಇಲ್ಲ. 0.640ರ ಒತ್ತಡ ಕೆಳಗೆ ಕುಸಿದಿದೆ.

ಎಡತುದಿಯದು ಇನ್ನೂ ಸ್ವಾರಸ್ಯದ ವಿಷಯ. ಕೀಟೋನ್ ಸೊನ್ನೆಯಿಂದ 0.063ಕ್ಕೆ ಏರಿದಾಗ ಒತ್ತಡ 90.15ರಿಂದ 91.78ಕ್ಕೆ ಏರಿದೆ. ಗಿಬ್ಸ್–ಕೊನೊವಾಲೊವ್ ನಿಯಮದ ಪ್ರಕಾರ ಒಂದು ಪದಾರ್ಥವನ್ನು ಸೇರಿಸಿದಾಗ ಒತ್ತಡ ಏರುತ್ತಿದ್ದರೆ ಆ ಪದಾರ್ಥದ ಪಾಲು ಆವಿಯಲ್ಲಿ ದ್ರವಕ್ಕಿಂತ ಹೆಚ್ಚಿರಬೇಕು. ಇಲ್ಲಿ ದ್ರವದಲ್ಲಿ 0.063, ಆವಿಯಲ್ಲಿ 0.049, ಕಡಿಮೆ. ಎರಡೂ ನಿಜವಾಗಬೇಕಾದರೆ ಆ ಚಿಕ್ಕ ಅಂತರದೊಳಗೇ ಒತ್ತಡ 91.78ಕ್ಕಿಂತ ಮೇಲಕ್ಕೆ ಏರಿ, ಶಿಖರ ಮುಟ್ಟಿ, ಇಳಿಯತೊಡಗಿರಬೇಕು. ವಕ್ರರೇಖೆ ನಯವಾಗಿದ್ದರೆ ಅದಕ್ಕೆ ತುದಿಯಲ್ಲಿ ಕೀಟೋನಿನ ಗಾಮಾ 4ಕ್ಕಿಂತ ಹೆಚ್ಚು ಬೇಕು. ಪಕ್ಕದ ಬಿಂದುವಿನಲ್ಲಿ ಅದು 2.46 ಮಾತ್ರ. ಮೊದಲ ಸಾಲೇ ಅನುಮಾನ ಹುಟ್ಟಿಸಿತು.

ಟೊಲ್ಯೂಯೀನ್ ಜೋಡಿಯ ಕಾಲಂಗಳು ಒಂದೇ ದಿಕ್ಕಿನಲ್ಲಿ ಸಮಾಧಾನವಾಗಿ ಸಾಗುತ್ತವೆ. ಕೊನೆಯ ಬಿಂದು 0.9102ರಲ್ಲಿ ಮಾತ್ರ ಕೀಟೋನಿನ ಲಾಗ್ ಗಾಮಾ ಸೊನ್ನೆಯ ಕೆಳಗೆ, ಋಣ 0.003ಕ್ಕೆ ಜಾರಿದೆ. ಅದನ್ನು ಬಣ್ಣ ಹಚ್ಚಿ ಗುರುತು ಮಾಡಿಟ್ಟೆ.

ಹಂತ 4: ಕ್ಷೇತ್ರ ಪರೀಕ್ಷೆ

ಇದು ಹೆರಿಂಗ್ಟನ್ 1947ರಲ್ಲಿ, ರೆಡ್ಲಿಷ್ ಮತ್ತು ಕಿಸ್ಟರ್ 1948ರಲ್ಲಿ ಕೊಟ್ಟ ಪರೀಕ್ಷೆ. ಎರಡು ಗಾಮಾಗಳ ಅನುಪಾತದ ಲಾಗರಿತಮ್ ಅನ್ನು ಎಕ್ಸ್‌ಗೆ ಎದುರಾಗಿ ಬಿಡಿಸಿದರೆ ರೇಖೆ ಸೊನ್ನೆಯ ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಇರುತ್ತದೆ. ಮೇಲಿನ ಕ್ಷೇತ್ರವೂ ಕೆಳಗಿನ ಕ್ಷೇತ್ರವೂ ಸಮನಾಗಬೇಕು. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಬರುವ ಸಂಖ್ಯೆಯನ್ನು ಡಿ ಎನ್ನುತ್ತಾರೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮಿತಿ 10. ಕಟ್ಟುನಿಟ್ಟಿನವರು 2ಕ್ಕೆ ಇಳಿಸುತ್ತಾರೆ.

ಬಿಂದುಗಳ ನಡುವೆ ಸರಳರೇಖೆ ಎಳೆದು, ತುದಿಗಳಿಗೆ ಕೊನೆಯ ಇಳಿಜಾರನ್ನೇ ಮುಂದುವರಿಸಿ ಕ್ಷೇತ್ರಗಳನ್ನು ಕೂಡಿದೆ. ಬಲತುದಿಯಲ್ಲಿ ಕೊನೆಯ ಎರಡು ಬಿಂದುಗಳು ಸಮಾನವಾಗಿದ್ದರಿಂದ 0.763ರಿಂದ 0.874ರವರೆಗಿನ ಇಳಿಜಾರನ್ನು ಹಿಡಿದೆ. ಹೆಕ್ಸೇನ್ ಜೋಡಿಗೆ ಮೇಲೆ 0.214, ಕೆಳಗೆ 0.179. ಡಿ ಸುಮಾರು 9. ಪಾಸು.

ಟೊಲ್ಯೂಯೀನ್ ಜೋಡಿಗೆ ಮೇಲೆ 0.064, ಕೆಳಗೆ 0.084. ಡಿ 13. ನಪಾಸು.

ಕಣ್ಣಳತೆಗೇ ಕುಂಟುತ್ತಿದ್ದ ದತ್ತಾಂಶ ದಾಟಿತು, ಸಲೀಸಾಗಿ ಸಾಗುತ್ತಿದ್ದದ್ದು ಬಿತ್ತು. ಮಿತಿಯನ್ನು 2ಕ್ಕೆ ಇಳಿಸಿದರೆ ಎರಡೂ ಬೀಳುತ್ತವೆ ನಿಜ, ಆದರೆ ಹೆಚ್ಚು ಕೆಟ್ಟದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಆಗಲೂ ತಲೆಕೆಳಗಾಗಿಯೇ ಇರುತ್ತದೆ. ಇಲ್ಲಿ ಕೆಲಸ ನಿಲ್ಲಿಸಿ ಪರೀಕ್ಷೆಯನ್ನೇ ಬಿಚ್ಚಿ ನೋಡಬೇಕಾಯಿತು.

ಹಂತ 5: ಪರೀಕ್ಷೆಯನ್ನು ಪರೀಕ್ಷಿಸಿದ್ದು

ಮೊದಲು ಒತ್ತಡ. ಒಂದು ಗಾಮಾವನ್ನು ಇನ್ನೊಂದರಿಂದ ಭಾಗಿಸುವಾಗ ಪಿ ಮೇಲೂ ಇದೆ, ಕೆಳಗೂ ಇದೆ, ಹೊಡೆದುಹೋಗುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಕಣ್ಣಾರೆ ನೋಡಲು ಹೆಕ್ಸೇನ್ ಜೋಡಿಯ ಒತ್ತಡದ ಕಾಲಂನ ನಡುವಿನ ಎಲ್ಲ ಅಂಕಿಗಳನ್ನು ಎರಡರಿಂದ ಗುಣಿಸಿದೆ. ಗಾಮಾಗಳೆಲ್ಲ ಅಸಂಬದ್ಧವಾದವು. ಡಿ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಮೂರು ಅಳತೆಗಳಲ್ಲಿ ಅತ್ಯಂತ ನಿಖರವಾಗಿ ಸಿಗಬಲ್ಲ ಅಳತೆ ಒತ್ತಡ. ಅದನ್ನೇ ಹೊರಗಿಟ್ಟು ಈ ಪರೀಕ್ಷೆ ತೀರ್ಪು ಕೊಡುತ್ತದೆ. ಕ್ಷೇತ್ರದಲ್ಲಿ ಉಳಿಯುವುದು ಎರಡು ಸಂಯೋಜನೆಗಳು ಮತ್ತು ಶುದ್ಧ ದ್ರವಗಳ ಆವಿ ಒತ್ತಡದ ಅನುಪಾತ ಮಾತ್ರ.

ಆ ಅನುಪಾತದ ಹಿಡಿತವನ್ನೂ ಅಳೆದೆ. ಕೀಟೋನಿನ 29.00 ಎಂಬ ಅಂಕಿಯನ್ನು ಶೇಕಡಾ 1ರಷ್ಟು ಹೆಚ್ಚಿಸಿದರೆ ಇಡೀ ರೇಖೆ 0.01ರಷ್ಟು ಕೆಳಗಿಳಿದು ಡಿ 6.4 ಆಗುತ್ತದೆ. ಶೇಕಡಾ 1ರಷ್ಟು ತಗ್ಗಿಸಿದರೆ 11.5. ಮಿಶ್ರಣದ ಒಂದು ಅಳತೆಯನ್ನೂ ಮುಟ್ಟದೆ ಪಾಸನ್ನು ನಪಾಸು ಮಾಡಬಹುದು.

ನಂತರ ತುದಿಗಳು. ಮೊದಲ ಬಿಂದು 0.063ರಲ್ಲಿ, ಕೊನೆಯದು 0.874ರಲ್ಲಿ. ಅದರಾಚೆ ಅಳತೆಯಿಲ್ಲ, ನಾನು ಎಳೆದ ಗೆರೆ ಮಾತ್ರ. ಆ ಗೆರೆಯ ಪಾಲು ಮೇಲಿನ ಕ್ಷೇತ್ರದಲ್ಲಿ ಶೇಕಡಾ 28, ಕೆಳಗಿನದರಲ್ಲಿ ಶೇಕಡಾ 42. ಎರಡೂ ತುದಿಗಳನ್ನು ಇಳಿಜಾರಿಲ್ಲದೆ ಸಮತಟ್ಟಾಗಿ ಎಳೆದರೆ ಡಿ 10.3. ಎಡತುದಿಯನ್ನು ಹಂತ 3ರಲ್ಲಿ ಒತ್ತಡವೇ ಕೇಳಿದಂತೆ 4ರ ಲಾಗರಿತಮ್‌ಗೆ, ಅಂದರೆ 1.39ಕ್ಕೆ, ಏರಿಸಿದರೆ ಡಿ 11.4. ಅಳತೆಗಳು ಅವೇ, ಗೆರೆ ಎಳೆದ ಕೈ ಬೇರೆಯಾದಂತೆ ತೀರ್ಪೂ ಬೇರೆ.

ಟೊಲ್ಯೂಯೀನ್ ಜೋಡಿ ಬಿದ್ದದ್ದಕ್ಕೆ ಕಾರಣ ಅದು ಆದರ್ಶಕ್ಕೆ ಹತ್ತಿರವಾಗಿರುವುದು. ಎರಡು ಕ್ಷೇತ್ರಗಳ ಮೊತ್ತವೇ 0.148. ವ್ಯತ್ಯಾಸ ನೋಡಿದರೆ 0.020, ಹೆಕ್ಸೇನ್ ಜೋಡಿಯ 0.035ಕ್ಕಿಂತ ಕಡಿಮೆ. ಚಿಕ್ಕ ಮೊತ್ತದಿಂದ ಭಾಗಿಸಿದ್ದರಿಂದ ಡಿ ಉಬ್ಬಿತು. ಒಳ್ಳೆಯ ಅಳತೆಗೆ ಆದದ್ದು ಅನ್ಯಾಯವೇ.

ಹಂತ 6: ನೇರ ಪರೀಕ್ಷೆ

ವ್ಯಾನ್ ನೆಸ್ 1995ರಲ್ಲಿ ಮುಂದಿಟ್ಟ ವಿಧಾನ. ಪ್ರತಿ ಬಿಂದುವಿನಲ್ಲಿ ಹೆಚ್ಚುವರಿ ಗಿಬ್ಸ್ ಶಕ್ತಿಯನ್ನು, ಅಂದರೆ ಆದರ್ಶ ಮಿಶ್ರಣದ್ದಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು, ಲೆಕ್ಕ ಹಾಕಿ (ಎರಡೂ ಲಾಗ್ ಗಾಮಾಗಳನ್ನು ಅವುಗಳ ಮೋಲ್ ಅಂಶದಿಂದ ಗುಣಿಸಿ ಕೂಡಿದರೆ ಆಯಿತು), ಅದಕ್ಕೆ ಒಂದು ಮಾದರಿಯನ್ನು ಕನಿಷ್ಠ ವರ್ಗದಲ್ಲಿ ಹೊಂದಿಸಬೇಕು. ಆ ಮಾದರಿಯ ಇಳಿಜಾರು ಗಾಮಾ ಅನುಪಾತದ ಲಾಗರಿತಮ್‌ಗೆ ಸಮನಾಗಿರಲೇಬೇಕು. ಅಳತೆಯಿಂದ ಬಂದ ಅನುಪಾತದಲ್ಲಿ ಮಾದರಿಯದನ್ನು ಕಳೆದರೆ ಉಳಿಕೆ ಸಿಗುತ್ತದೆ. ಉಳಿಕೆಗಳು ಸೊನ್ನೆಯ ಆಚೀಚೆ ಚದುರಿರಬೇಕು. ಅವುಗಳ ವರ್ಗಗಳ ಸರಾಸರಿಯ ವರ್ಗಮೂಲವನ್ನು (ಮುಂದೆ ಬರೀ ‘ಮೂಲ’) ನೋಡಿ 1ರಿಂದ 10ರವರೆಗೆ ದರ್ಜೆ ಕೊಡುತ್ತಾರೆ: 0.025ರವರೆಗೆ 1, ಅಲ್ಲಿಂದ ಪ್ರತಿ 0.025ಕ್ಕೆ ಒಂದು ಮೆಟ್ಟಿಲು, 0.225 ದಾಟಿದರೆ 10.

ಎರಡು ಸ್ಥಿರಾಂಕಗಳ ಮಾರ್ಗ್ಯುಲ್ಸ್ ಮಾದರಿ, ಅಂದರೆ ಎಕ್ಸ್‌ನ ಒಂದು ಸರಳ ಬಹುಪದಿ ಸೂತ್ರ, ಸಾಕಾಯಿತು. ಹೆಕ್ಸೇನ್ ಜೋಡಿಗೆ ಎಡತುದಿಯ ಸ್ಥಿರಾಂಕ 1.186, ಬಲತುದಿಯದು 0.784. ಉಳಿಕೆಗಳು ಎಡದಿಂದ ಬಲಕ್ಕೆ: −0.123, −0.121, −0.016, +0.053, +0.109, +0.101, +0.139, +0.186, +0.145, +0.104, +0.148.

ಈ ಸಾಲನ್ನು ನಿಧಾನವಾಗಿ ಓದಬೇಕು. ಮೊದಲ ಮೂರು ಋಣ, ಆಮೇಲೆ ಎಲ್ಲವೂ ಧನ. ಚದುರುವಿಕೆಯೇ ಇಲ್ಲ, ಒಂದೆಡೆಗೆ ವಾಲಿದೆ. ಮೂಲ 0.121, ದರ್ಜೆ 5. ಕ್ಷೇತ್ರ ಪರೀಕ್ಷೆ ಇವುಗಳನ್ನು ಕೂಡುವಾಗ ಎಡದ ಋಣ ಬಲದ ಧನವನ್ನು ಒಂದಿಷ್ಟು ನುಂಗಿಹಾಕಿದೆ.

ಟೊಲ್ಯೂಯೀನ್ ಜೋಡಿಗೆ ಸ್ಥಿರಾಂಕಗಳು 0.372 ಮತ್ತು 0.198. ಮೂಲ 0.022, ದರ್ಜೆ 1. ಇಲ್ಲೂ ಉಳಿಕೆಗಳು ಹೆಚ್ಚುಕಡಿಮೆ ಎಲ್ಲ ಋಣವೇ, ಅಂದರೆ ಸಣ್ಣದೊಂದು ವಾಲುವಿಕೆ ಇದೆ. ಆದರೆ ಹೆಚ್ಚಿನವು 0.03ರೊಳಗೆ. ಗುರುತು ಮಾಡಿಟ್ಟ 0.9102ರ ಬಿಂದು ಮಾತ್ರ −0.051.

ಹಂತ 7: ಬಾರ್ಕರ್ ವಿಧಾನ

ಈಗ ಆವಿಯ ಸಂಯೋಜನೆಯನ್ನು ಪೂರ್ತಿ ಮುಚ್ಚಿಟ್ಟೆ. ಒತ್ತಡ ಮತ್ತು ದ್ರವದ ಸಂಯೋಜನೆಗೆ ಮಾತ್ರ ಮಾದರಿಯನ್ನು ಹೊಂದಿಸಿ, ಆ ಮಾದರಿ ಹೇಳುವ ವೈ ಜೊತೆಗೆ ಅಳೆದ ವೈ ಅನ್ನು ಹೋಲಿಸುವುದು. ಸರಾಸರಿ ವ್ಯತ್ಯಾಸ 0.01ರ ಒಳಗಿದ್ದರೆ ಒಪ್ಪಬಹುದು ಎಂಬುದು ರೂಢಿ. ಹೆಚ್ಚುವರಿ ಅಳತೆಯನ್ನು ನಿಜವಾಗಿಯೂ ಸಾಕ್ಷಿಯಾಗಿ ಕರೆಯುವ ಪರೀಕ್ಷೆ ಇದು, ನನಗೆ ಎಲ್ಲಕ್ಕಿಂತ ಹೆಚ್ಚು ವಿಶ್ವಾಸ ಇದರ ಮೇಲೆ.

ಹೆಕ್ಸೇನ್ ಜೋಡಿಗೆ ಸ್ಥಿರಾಂಕಗಳು ಸುಮಾರು 1.15 ಮತ್ತು 0.6. ಒತ್ತಡದ ಹೊಂದಿಕೆಯೇ ಅಷ್ಟು ಚೆನ್ನಾಗಿಲ್ಲ: ಉಳಿಕೆಯ ಮೂಲ 1.1 ಕಿಲೋಪಾಸ್ಕಲ್. ಮೊದಲ ಎರಡು ಬಿಂದುಗಳಲ್ಲಿ ಅಳತೆ ಸುಮಾರು 2 ಹೆಚ್ಚು, 0.640ರಲ್ಲಿ ಸುಮಾರು 2 ಕಡಿಮೆ. ಕಣ್ಣಳತೆಯಲ್ಲಿ ಅನುಮಾನ ಬಂದದ್ದೂ ಅಲ್ಲೇ. ವೈ ವ್ಯತ್ಯಾಸದ ಸರಾಸರಿ 0.017. ಅತಿ ಹೆಚ್ಚು 0.702ರಲ್ಲಿ: ಮಾದರಿ 0.331 ಎನ್ನುತ್ತದೆ, ಅಳತೆ 0.368.

ಇದು ಕಾಲಂ ಲೆಕ್ಕಕ್ಕೆ ಎಷ್ಟು ತಟ್ಟುತ್ತದೆ? ಅದೇ ಬಿಂದುವಿನಲ್ಲಿ ಹೆಕ್ಸೇನಿನ ಸಾಪೇಕ್ಷ ಬಾಷ್ಪಶೀಲತೆ (ಕೀಟೋನಿಗಿಂತ ಎಷ್ಟು ಪಟ್ಟು ಸುಲಭವಾಗಿ ಆವಿಯಾಗುತ್ತದೆ ಎಂಬ ಅಂಕಿ) ಅಳತೆಯ ಪ್ರಕಾರ 4.05, ಮಾದರಿಯ ಪ್ರಕಾರ 4.75. ಬೇಕಾಗುವ ಕನಿಷ್ಠ ತಟ್ಟೆಗಳನ್ನು (ಕಾಲಂ ಒಳಗೆ ಆವಿಯೂ ದ್ರವವೂ ಸಂಧಿಸುವ ಮೆಟ್ಟಿಲುಗಳು) ಕೊಡುವ ಫೆನ್ಸ್ಕೆ ಸಮೀಕರಣದಲ್ಲಿ ತಟ್ಟೆಗಳ ಸಂಖ್ಯೆ ಈ ಅಂಕಿಯ ಲಾಗರಿತಮ್‌ಗೆ ವಿಲೋಮವಾಗಿರುವುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ನಂಬಿದರೆ ತಟ್ಟೆಗಳಲ್ಲಿ ಶೇಕಡಾ 10ಕ್ಕೂ ಹೆಚ್ಚಿನ ಅಂತರ ಬೀಳುತ್ತದೆ.

ಟೊಲ್ಯೂಯೀನ್ ಜೋಡಿಗೆ ಹಂತ 6ರ ಸ್ಥಿರಾಂಕಗಳನ್ನೇ ಇಟ್ಟುಕೊಂಡು ವೈ ತೆಗೆದೆ, ಒತ್ತಡ ಆಗಲೇ ಚೆನ್ನಾಗಿ ಕೂತಿತ್ತು. ಸರಾಸರಿ ವ್ಯತ್ಯಾಸ 0.0025.

0.9102ರ ಗುಟ್ಟು ಇಲ್ಲಿ ಬಿಟ್ಟಿತು. ಅಲ್ಲಿ ವೈ ವ್ಯತ್ಯಾಸ ಬರೀ 0.002. ಆದರೆ ಆವಿಯಲ್ಲಿ ಟೊಲ್ಯೂಯೀನಿನ ಪಾಲು 0.041 ಮಾತ್ರ. ಅಷ್ಟು ಚಿಕ್ಕ ಪಾಲಿನಲ್ಲಿ 0.002 ತಪ್ಪಿದರೆ ಲಾಗರಿತಮ್‌ನಲ್ಲಿ ಅದು 0.05 ಆಗಿ ಕಾಣುತ್ತದೆ. ಕೀಟೋನಿನ ಋಣ ಲಾಗ್ ಗಾಮಾಕ್ಕೂ ಅದೇ 0.002 ಸಾಕು. ತುದಿಯ ಬಿಂದುಗಳಲ್ಲಿ ಲಾಗರಿತಮ್‌ನ ಉಳಿಕೆ ನೋಡಿ ಗಾಬರಿಯಾಗಬಾರದು, ವೈ ಉಳಿಕೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಹಂತ 8: ಹೆಕ್ಸೇನ್ ಜೋಡಿಯನ್ನು ಉಳಿಸಿಕೊಳ್ಳುವ ಪ್ರಯತ್ನ

ಎರಡು ದಾರಿ ನೋಡಿದೆ, ಎರಡೂ ಮುಂದೆ ಸಾಗಲಿಲ್ಲ.

ಒಂದು, ಅನುಮಾನದ ಬಿಂದುಗಳನ್ನು ತೆಗೆಯುವುದು. 0.640 ಮತ್ತು 0.834ನ್ನು ಬಿಟ್ಟು, ಸ್ಥಿರಾಂಕಗಳನ್ನು ಹಾಗೇ ಇಟ್ಟು, ನೇರ ಪರೀಕ್ಷೆಯ ಮೂಲವನ್ನು ಮತ್ತೆ ತೆಗೆದೆ. ಮತ್ತೆ 0.121. ದೋಷ ಒಂದೆರಡು ಸಾಲುಗಳಲ್ಲಿ ಅವಿತಿದ್ದರೆ ಹೀಗಾಗುತ್ತಿರಲಿಲ್ಲ. ಅದು ಅಂಕಿಗಳ ಕಾಲಂ ಉದ್ದಕ್ಕೂ ಹರಡಿದೆ.

ಇನ್ನೊಂದು, ಕಾರಣ ಹುಡುಕಿ ತಿದ್ದುವುದು. ಅಳೆದ ವೈ ನಡುಭಾಗದಲ್ಲಿ ಎಲ್ಲೆಡೆ ಹೆಚ್ಚಿದೆ, ಅಂದರೆ ಅಳೆಯಲು ತೆಗೆದ ಆವಿಯ ಸ್ಯಾಂಪಲ್‌ನಲ್ಲಿ ಕಡಿಮೆ ಬಾಷ್ಪಶೀಲವಾದ ಕೀಟೋನ್ ಇರಬೇಕಾದದ್ದಕ್ಕಿಂತ ಹೆಚ್ಚಿದೆ. ಕುದಿಯುವ ದ್ರವದ ಹನಿಗಳು ಆವಿಯೊಂದಿಗೆ ಹಾರಿ ಸ್ಯಾಂಪಲ್ ಬಟ್ಟಲು ಸೇರಿದರೆ ಹೀಗಾಗುತ್ತದೆ. ಹಾಗಾದರೆ ಎಷ್ಟು ದ್ರವ ಸೇರಿರಬೇಕು ಎಂದು ಲೆಕ್ಕ ಹಾಕಿದೆ. 0.702ರಲ್ಲಿ ಸ್ಯಾಂಪಲ್‌ನ ಶೇಕಡಾ 10ರಷ್ಟು, 0.561ರಲ್ಲಿ ಶೇಕಡಾ 7, 0.372ರಲ್ಲಿ ಶೇಕಡಾ 3, 0.834ರಲ್ಲಿ ಶೇಕಡಾ 1. ಮೊದಲ ಎರಡು ಬಿಂದುಗಳಲ್ಲಿ ಅಳೆದ ವೈ ಮಾದರಿಗಿಂತ ಕಡಿಮೆಯೇ ಇದೆ, ಅಲ್ಲಿ ಈ ವಿವರಣೆ ಹೊಂದುವುದೇ ಇಲ್ಲ. ಒಂದೇ ಉಪಕರಣದಲ್ಲಿ ಹನಿಗಳ ಪಾಲು ಹೀಗೆ ಏರಿಳಿಯುವುದಕ್ಕೂ ಶೇಕಡಾ 10 ಮುಟ್ಟುವುದಕ್ಕೂ ಒಪ್ಪಿಕೊಳ್ಳುವುದು ಕಷ್ಟ. ಒಂದೇ ಗುಣಕದಿಂದ ವೈ ಕಾಲಂ ಪೂರ್ತಿ ತಿದ್ದುವ ಯೋಚನೆಯನ್ನು ಅಲ್ಲಿಗೆ ಕೈಬಿಟ್ಟೆ. ತಾಳೆ ಪರೀಕ್ಷೆ ಅಂಕಿಗಳ ನಡುವೆ ಜಗಳವಿದೆ ಎಂದು ತೋರಿಸುತ್ತದೆ, ತಪ್ಪಿತಸ್ಥರನ್ನು ಹಿಡಿದುಕೊಡುವುದಿಲ್ಲ.

ಮೂರನೆಯ ಸ್ಥಿರಾಂಕ ಸೇರಿಸಿ ಹೊಂದಿಕೆಯನ್ನು ಚೆಂದಗೊಳಿಸುವ ದಾರಿಯನ್ನು ತುಳಿಯಲಿಲ್ಲ. ಸ್ಥಿರಾಂಕ ಹೆಚ್ಚಿದಷ್ಟೂ ಮಾದರಿ ಅಳತೆಯ ನಡುಕವನ್ನೇ ಅನುಸರಿಸತೊಡಗುತ್ತದೆ. ಇಲ್ಲಿ ಬೇಕಿರುವುದು ಇಳಿಜಾರು. ನಡುಗುವ ರೇಖೆಯ ಇಳಿಜಾರು ಇನ್ನೂ ಹೆಚ್ಚು ನಡುಗುತ್ತದೆ.

ಹಂತ 9: ಏನನ್ನು ಇಟ್ಟುಕೊಂಡೆ

ಟೊಲ್ಯೂಯೀನ್ ಜೋಡಿ ಪೂರ್ತಿಯಾಗಿ ಕಾಲಂ ಲೆಕ್ಕಕ್ಕೆ ಹೋಯಿತು, 0.9102ರ ಬಿಂದುವಿನೊಂದಿಗೆ.

ಹೆಕ್ಸೇನ್ ಜೋಡಿಯ ವೈ ಕಾಲಂ ಬಳಕೆಯಿಂದ ಹೊರಗೆ. ಸಾಮಾನ್ಯವಾಗಿ ಇಂಥಲ್ಲಿ ಒತ್ತಡದಿಂದ ಬಂದ ಸ್ಥಿರಾಂಕಗಳನ್ನು ಧೈರ್ಯವಾಗಿ ಬಳಸಬಹುದು, ಆದರೆ 1.1 ಕಿಲೋಪಾಸ್ಕಲ್ ಉಳಿಕೆ ಇರುವಾಗ ಆ ಧೈರ್ಯ ಬರುವುದಿಲ್ಲ. ಅವನ್ನು ಪ್ರಾಥಮಿಕ ಅಂದಾಜಿಗೆ ಮಾತ್ರ ಇಟ್ಟುಕೊಂಡು, ಅಂತಿಮ ತಟ್ಟೆಗಳ ಸಂಖ್ಯೆಯನ್ನು ಬೇರೆ ಅಳತೆ ಸಿಗುವವರೆಗೆ ಬರೆಯದೆ ಬಿಟ್ಟಿದ್ದೇನೆ. ಹೊಸದಾಗಿ ಅಳೆಯುವವರು ಎಕ್ಸ್ 0.01ರಿಂದ 0.06ರ ನಡುವೆ ಒತ್ತಡದ ಕೆಲವು ಬಿಂದುಗಳನ್ನು ತೆಗೆದರೂ ಸಾಕು: ಆ ಶಿಖರ ನಿಜವೋ ಅಲ್ಲವೋ ಅಲ್ಲೇ ತೀರ್ಮಾನವಾಗುತ್ತದೆ, ಆವಿಯ ಸ್ಯಾಂಪಲ್ ತೆಗೆಯುವ ಅಗತ್ಯವೂ ಬೀಳುವುದಿಲ್ಲ.

ಸ್ಪ್ರೆಡ್‌ಶೀಟ್‌ನ ಕ್ರಮವನ್ನೂ ಬದಲಿಸಿದ್ದೇನೆ. ಶುದ್ಧ ಆವಿ ಒತ್ತಡ, ಕಣ್ಣಳತೆ, ಬಾರ್ಕರ್, ನೇರ ಪರೀಕ್ಷೆ, ಈ ಅನುಕ್ರಮದಲ್ಲಿ ಹಾಳೆಗಳಿವೆ. ಕ್ಷೇತ್ರ ಪರೀಕ್ಷೆಯ ಹಾಳೆಯನ್ನು ಅಳಿಸಿಲ್ಲ, ಆದರೆ ಡಿ ಸಂಖ್ಯೆಯ ಪಕ್ಕದಲ್ಲೇ ಇನ್ನೆರಡು ಅಂಕಿ ಕಡ್ಡಾಯವಾಗಿ ಮೂಡುವಂತೆ ಮಾಡಿದ್ದೇನೆ: ತುದಿಗಳ ಗೆರೆಯಿಂದ ಬಂದ ಕ್ಷೇತ್ರ ಶೇಕಡಾ ಎಷ್ಟು, ಮತ್ತು ಶುದ್ಧ ಆವಿ ಒತ್ತಡ ಶೇಕಡಾ 1 ಬದಲಾದರೆ ಡಿ ಎಲ್ಲಿಗೆ ಹೋಗುತ್ತದೆ.